ಇಪ್ಪತ್ತು ವರ್ಷದ ಗಿಡ

ಅಕ್ಕ ನೆಲೆಸಿರುವ ವಿದೇಶದ ಊರು ಡನ್ ಲಿಯರಿಯ ಹತ್ತಿರ, ನರ್ಸರಿಯೊಂದರಲ್ಲಿ ಅವಳು ಹಾಥಾರ್ನ್ ಗಿಡಗಳ ಮುಂದೆ ನಿಂತುಬಿಟ್ಟಳು. ಹಾಥಾರ್ನ್ ಅಂದರೆ ಇಲ್ಲಿನ ಹೊಲದ ಬೇಲಿಗಳಲ್ಲೆಲ್ಲ ಕಾಣುವ ಮುಳ್ಳಿನ ಮರ. ಇದು ಅಂಗಳದ ಅಂದಕ್ಕೆಂದೇ ಬೆಳೆಸುವ, ಕೆಂಪು ಹೂವಿನ ಜಾತಿ.

"ಎಷ್ಟು ದೊಡ್ಡದಾಗುತ್ತೆ?" ಅಂತ ಅಕ್ಕ ನರ್ಸರಿಯ ಹೆಂಗಸನ್ನು ಕೇಳಿದಳು.

"ವರ್ಷಕ್ಕೆ ಒಂದಡಿ ಏರುತ್ತೆ. ಇಪ್ಪತ್ತಡಿ ಆಗಿ ನಿಲ್ಲೋಕೆ ಇಪ್ಪತ್ತು ವರ್ಷ ಬೇಕು."

ಹೋದ ವರ್ಷ ಅಕ್ಕನಿಗೆ ಕ್ಯಾನ್ಸರ್ ಚಿಕಿತ್ಸೆ ಆಗಿತ್ತು. ಆಮೇಲೆ ಅವಳು ಮುಂದಿನ ತಿಂಗಳ ಮಾತನ್ನೂ ಆಡುತ್ತಿರಲಿಲ್ಲ. ಮೈಸೂರಿಗೆ ಯಾವಾಗ ಬರ್ತೀಯ ಅಂತ ನಿನ್ನೆ ಕೇಳಿದಾಗಲೂ "ನೋಡೋಣ" ಅಂದಿದ್ದಳು, ಅಷ್ಟೇ.

ಮಾತು ತಿರುಗಿಸಲು ನಾನು ಪಕ್ಕದಲ್ಲಿದ್ದ ಆಳೆತ್ತರದ ಗಿಡ ತೋರಿಸಿದೆ. "ಇದನ್ನೇ ತಗೋ ಅಕ್ಕ, ಬರೋ ಮೇ ತಿಂಗಳಿಗೇ ಹೂ ಬಿಡುತ್ತೆ."

ಅವಳು ಬೇಡವೆಂದು ತಲೆಯಾಡಿಸಿ, ಮೊಣಕಾಲುದ್ದದ ಒಂದು ಗಿಡವನ್ನು ಕುಂಡದ ಸಮೇತ ಎತ್ತಿಕೊಂಡಳು.

"ಬೆಳೆದು ನಿಂತಿರೋದು ಯಾಕೇ ಬೇಕು? ನಾನು ಇದು ಬೆಳೆಯೋದನ್ನ ನೋಡಬೇಕು."

"ಇಪ್ಪತ್ತು ವರ್ಷ ಅಂತೆ ಅಕ್ಕ."

"ಗ್ರ್ಯಾಂಡ್," ಅಂದಳು, ಥೇಟ್ ಇಲ್ಲಿನವರ ಹಾಗೆ. ಆಯ್ತು, ಅದಕ್ಕೇನಂತೆ ಅನ್ನುವುದಕ್ಕೆ ಇಲ್ಲಿ ಆ ಒಂದು ಮಾತು ಸಾಕು.

ಈಗ ಬಸ್ಸಿನಲ್ಲಿದ್ದೇವೆ. ಯಾರಿಗೂ ಮುಳ್ಳು ತಾಗದಿರಲೆಂದು ಗಿಡಕ್ಕೆ ತನ್ನ ಜಾಕೆಟ್ ಸುತ್ತಿ, ಅಕ್ಕ ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ.

"ಗೋಡೆಯಿಂದ ದೂರ ನೆಡೋಣ ಕಣೇ," ಅಂದಳು ಈಗಷ್ಟೇ. "ಆಮೇಲೆ ಅಗಲಕ್ಕೂ ಹರಡುತ್ತಲ್ಲ, ಜಾಗ ಸಾಲದೆ ಹೋದೀತು."