ಹಲಸಿನ ಮೇಣದ ಪೆಟ್ಟಿಗೆ

ಶಂಕರನಾರಾಯಣ ಐತಾಳರು ಕುಂದಾಪುರದ ಕಡೆಯಿಂದ ಅಹಮದಾಬಾದಿಗೆ ಬಂದಾಗ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಸೋದರಮಾವನ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಲೇ ಗುಜರಾತಿ ಕಲಿತರು. ಆಮೇಲೆ ಸ್ಯಾಟಲೈಟ್ ಎಂಬ ಬಡಾವಣೆಯ ವಸತಿ ಸೊಸೈಟಿಗಳ ನಡುವೆ ತಮ್ಮದೇ ಒಂದು ಪುಟ್ಟ ಹೋಟೆಲು ಹಾಕಿ, ಸಾಂಬಾರಿಗೆ ಇನ್ನಷ್ಟು ಬೆಲ್ಲ ಬೇಕೆಂದವರಿಗೆ ಬೆಲ್ಲ ಹಾಕುತ್ತ, ಮಗಳನ್ನು ಓದಿಸಿ, ವಡೋದರಾದ ಕನ್ನಡದ ಮನೆಯೊಂದಕ್ಕೆ ಮದುವೆ ಮಾಡಿಕೊಟ್ಟರು. ಇಷ್ಟರಲ್ಲಿ ಅವರ ತಲೆ ನೆರೆಯಿತು. ಯಾರ ಬಾಯಿಗೂ ಸಿಗುವಂಥ ಕೆಲಸವನ್ನು ಅವರು ಎಂದೂ ಮಾಡಿದವರಲ್ಲ.

ಹಾಗಾಗಿ ಈ ಮೇ ತಿಂಗಳಲ್ಲಿ ತಮ್ಮ ಹಳೆಯ ಕಾರಿನ ಡಿಕ್ಕಿಗೆ ಗುಂ ಎಂದು ಗುಡುಗುವ ವೂಫರ್ ಸ್ಪೀಕರಿನ ಪೆಟ್ಟಿಗೆ ಮಾಡಲು ಹೊರಟಾಗ ಗರ್ಬಾ ಕುಣಿತಕ್ಕೆ ಈಗಲೇ ತಯಾರಿಯೇ ಎಂದು ಎದುರಿನ ಪಾನ್ ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

"ಕಾಕಾ, ನವರಾತ್ರಿ ಬಹುತ್ ದೂರ್ ಹೈ!"

"ಹೋನೇ ದೋ ಭಾಯಿ. ಪೆಹಲೇ ತುಮ್ಹೀ ನಾಚನಾ," ಎಂದು ಐತಾಳರು ಹಲಗೆ ಹೊತ್ತುಕೊಂಡು ಒಳಗೆ ಹೋದರು.

ಯಾತಕ್ಕೆಂದು ಒಬ್ಬನ ಹೊರತು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಯಶೋದೆಗಂತೂ ಹೇಳಿರಲೇ ಇಲ್ಲ.

ಯಶೋದೆಯ ಕಿವಿ ಒಮ್ಮೆಲೇ ಹೋದದ್ದಲ್ಲ. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಬಾಗಿಲ ಗಂಟೆ, ಆಮೇಲೆ ಫೋನಿನಲ್ಲಿ ಮಗಳ ದನಿ. ಕಿವಿಯ ಮಷಿನ್ ಹಾಕಿಕೊಂಡರೆ ಗ್ರೈಂಡರಿನ ಸದ್ದು ತಲೆಯೊಳಗೇ ತಿರುಗಿದ ಹಾಗಾಗುತ್ತದೆಂದು ಅದನ್ನು ತೆಗೆದು ಡ್ರಾಯರಿಗೆ ಹಾಕಿದ್ದರು. ಎದುರು ನಿಂತವರ ತುಟಿ ನೋಡಿ ಅರ್ಧ ಮಾತು ತಿಳಿದುಕೊಳ್ಳುತ್ತಿದ್ದರು, ಉಳಿದರ್ಧಕ್ಕೆ ನಗುತ್ತಿದ್ದರು.

ನಗು ನಿಂತದ್ದು ಹೋದ ವರ್ಷ. ಕನ್ನಡದ ಮನೆಗಳಲ್ಲಿ ಎಲ್ಲಿ ನಾಮಕರಣವಾದರೂ ತೊಟ್ಟಿಲ ಹಾಡಿಗೆ ಯಶೋದೆಯೇ ಬೇಕು. ಅಂಥದೇ ಒಂದು ಮನೆಯಲ್ಲಿ ಅವರು ಹಾಡುತ್ತ ಹಾಡುತ್ತ ತಾಳ ತಪ್ಪಿ ತಮ್ಮ ಪಾಡಿಗೆ ಮುಂದೆ ಹೋಗಿಬಿಟ್ಟರು. ಚಪ್ಪಾಳೆ ಹಾಕುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಹುಡುಗಿಯರಿಬ್ಬರು ಬಾಯಿಗೆ ಸೆರಗು ಒತ್ತಿಕೊಂಡರು. ಅವರ ನಗು ಯಶೋದೆಗೆ ಕೇಳಲಿಲ್ಲ, ಕಾಣಿಸಿತು. ಅಂದಿನಿಂದ ಅಡುಗೆಮನೆಯಲ್ಲೂ ಗುನುಗಿಲ್ಲ.

ಈಗ ಮಗಳು ಸೌಮ್ಯಾಳ ಕೂಸಿಗೇ ನಾಮಕರಣ. ತಾಯಿಯ ತಾಯಿ ತೊಟ್ಟಿಲು ತೂಗಿ ಹಾಡುವುದು ಅವರ ಮನೆತನದ ರೂಢಿ. ಯಶೋದೆ ಮಾತ್ರ, "ನಾ ಬತ್ತಿಲ್ಲೆ. ನೀವ್ ಹೋಯ್ನಿ. ಹೋಟ್ಲು ಯಾರ್ ಕಾಂಬುದ್?" ಎಂದುಬಿಟ್ಟರು. ಹೋಟೆಲಿಗೆ ಎರಡು ದಿನ ಬೀಗ ಹಾಕಿದರೆ ಏನೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅದೇ ವಾರ ರಸ್ತೆಯಲ್ಲಿ ಮದುವೆಯ ಮೆರವಣಿಗೆ ಬಂತು. ಡಿಜೆ ಟೆಂಪೊ ಕಿಟಕಿಯ ಗಾಜು ಅದುರಿಸುತ್ತ ಸಾಗುತ್ತಿದ್ದಾಗ ಯಶೋದೆ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು. ಐತಾಳರ ಕಣ್ಣು ಹೆಂಡತಿಯ ಬೆರಳುಗಳ ಮೇಲೆ ಬಿತ್ತು. ಕಂಬಿಯ ಮೇಲೆ ಅವು ತಾಳ ಹಾಕುತ್ತಿದ್ದವು. ಒಂದೂ ತಪ್ಪಿರಲಿಲ್ಲ.

ಮರುದಿನ ಬೆಳಗ್ಗೆ ತಿಂಡಿಗೆ ಬಂದ ಪ್ರಮೋದನನ್ನು ಐತಾಳರು ಪಕ್ಕಕ್ಕೆ ಕರೆದರು. ಪ್ರಮೋದ ಹುಬ್ಬಳ್ಳಿಯವನು, ವಟ್ವಾದ ಬಣ್ಣದ ಫ್ಯಾಕ್ಟರಿಯಲ್ಲಿ ಕೆಲಸ, ಮೇಲಿನ ಮಹಡಿಯ ಬಾಡಿಗೆದಾರ. ತನ್ನ ಕಾರು ಮಾರಿದ ಮೇಲೂ ಅದರ ವೂಫರನ್ನು, ಆಂಪ್ಲಿಫೈಯರನ್ನು ಮಂಚದಡಿ ಇಟ್ಟುಕೊಂಡಿದ್ದ. ಯಶೋದೆಯ ಬೆರಳುಗಳ ಕಥೆ ಕೇಳಿ ಅವನು ಇಡ್ಲಿ ಬಿಟ್ಟು ಎದ್ದ.

"ಪೆಟಗಿ ನಾವ ಮಾಡೂಣ್ರಿ. ಒಂದ ಮಾತ್ರ ನೆನಪಿಡ್ರಿ, ಸಂದಿನಾಗಿಂದ ಗಾಳಿ ಹೊರಗ ಹೋಗಬಾರದು. ಹೋತಂದ್ರ ಗುಂ ಅನ್ನೂದು ಬುಸ್ ಅಂತದ."

ಬಡಗಿಯಿಂದ ಹಲಗೆ ಕೊಯ್ಯಿಸಿ, ವೂಫರಿನ ದುಂಡಗಿನ ಬಾಯಿ ಕೊರೆಸಿ, ಅಂಟು ಹಾಕಿ ಸ್ಕ್ರೂ ಬಿಗಿದರು. ಸಂದು ಮುಚ್ಚಲು ಪ್ರಮೋದ ಸಿಲಿಕಾನ್ ಟ್ಯೂಬು ತರಲು ಹೊರಟರೆ ಐತಾಳರು ತಡೆದರು. ಅಟ್ಟದಿಂದ ಒಂದು ಕೋಲು ಇಳಿಸಿದರು. ಅದರ ತುದಿಗೆ ಕಪ್ಪಗೆ, ಮುಷ್ಟಿಗಾತ್ರದ ಮುದ್ದೆ.

"ಏನ್ರೀ ಇದು?"

"ಹಲಸಿನ ಮೇಣ. ಹಣ್ಣು ಕೊಯ್ಯುವಾಗ ಕೋಲಿಗೆ ಸುತ್ತಿ ಇಡೂದು. ನಮ್ಮಲ್ಲಿ ತೂತು ಬಿದ್ದ ಕೊಡಪಾನಕ್ಕೂ ಇದೇ. ನೀರೇ ಹೊರಗೆ ಹೋತಿಲ್ಲೆ, ಗಾಳಿ ಹೋತಾ ಮಾರಾಯಾ?"

"ನಮ್ಮ ಕಡೆ ಇಂಥಾದ್ದು ಇಲ್ರಿ. ನೀವಂತೀರಂದ್ರ ಹಚ್ಚೂಣು."

ಬೆಂಕಿಗೆ ಹಿಡಿದು ಕರಗಿಸಿ, ಬೆರಳಿಗೆ ಎಣ್ಣೆ ಸವರಿಕೊಂಡು, ಪೆಟ್ಟಿಗೆಯ ಒಳಮೂಲೆಗಳಿಗೆಲ್ಲ ಮೇಣ ಒತ್ತಿದರು. ಅಂದು ಸಂಜೆ ಡಿಕ್ಕಿಯಲ್ಲಿಟ್ಟು ನೋಡಿದರೆ ಸೀಟು ಬೆನ್ನಿಗೆ ಮೃದುವಾಗಿ ಗುದ್ದಿತು. ಐತಾಳರು ಮಗುವಿನ ಹಾಗೆ ಎರಡು ಸಲ ಹಿಂದೆ ಮುಂದೆ ಕೂತು ನೋಡಿದರು.

ಮರುದಿನವಿಡೀ ಕಾರು ಬಿಸಿಲಲ್ಲಿ ನಿಂತಿತ್ತು. ಸಂಜೆ ಹಾಕಿದರೆ ಗುಂ ಇಲ್ಲ, ಬರೀ ಬುಸ್. ನಾಳೆಯೇ ನಾಮಕರಣ. ಪ್ರಮೋದ ಊದಿನಕಡ್ಡಿ ಹಚ್ಚಿ ಸಂದಿಸಂದಿಗೆ ಹಿಡಿದ. ಹೊಗೆ ಬೀದಿಯ ಗಾಳಿಗೆ ಎತ್ತಲೋ ಹೋಯಿತು. ಐತಾಳರು ಕಿವಿಯಿಟ್ಟು ಕೇಳಿದರು. ಎಲ್ಲ ಕಡೆಯಿಂದಲೂ ಬುಸ್ ಎಂದೇ ಕೇಳಿತು.

ಅಷ್ಟರಲ್ಲಿ ಯಶೋದೆ ಮಜ್ಜಿಗೆಯ ಲೋಟಗಳನ್ನು ಹಿಡಿದು ಕೆಳಗೆ ಬಂದರು. ಇಬ್ಬರ ಮುಖವನ್ನೂ ನೋಡಿದರು. ಡಿಕ್ಕಿಯ ಅಂಚಿಗೆ ಕೂತು ಅಂಗೈಯನ್ನು ಪೆಟ್ಟಿಗೆಯ ಅಂಚಿನುದ್ದಕ್ಕೆ, ತಾಗಿಸಿಯೂ ತಾಗಿಸದ ಹಾಗೆ, ನಡೆಸಿಕೊಂಡು ಹೋದರು. ಇಡ್ಲಿ ಪಾತ್ರೆಯ ಮುಚ್ಚಳದಿಂದ ಹಬೆ ಎಲ್ಲಿ ತಪ್ಪುತ್ತಿದೆಯೆಂದು ಇಷ್ಟು ವರ್ಷ ನೋಡುತ್ತಿದ್ದುದೂ ಹೀಗೆಯೇ. ಹಿಂದಿನ ಮೂಲೆಯಲ್ಲಿ ಕೈ ನಿಂತಿತು.

"ಇಲ್ಲ್ ಕಾಣಿ."

ಸಂದಿನಿಂದ ಒಸರಿದ್ದ ಏನೋ ಬೆರಳಿಗೆ ಅಂಟಿತು. ಮೂಸಿ ನೋಡಿ ಹುಬ್ಬೇರಿಸಿದರು.

"ಹ್ವಾಯ್, ಹಲ್ಸಿನ ಮೇಣವಾ? ಈ ಊರ್ ಬಿಸ್ಲಿಗೆ? ಕಾರ್ ಒಳಗೆ ಹಪ್ಪಳ ಸುಡುಕಾತ್, ಮೇಣ ನಿಂತ್ಕಂತಾ?"

ಪ್ರಮೋದ ಮಜ್ಜಿಗೆ ನೆತ್ತಿಗೇರಿ ಕೆಮ್ಮಿದ. ಐತಾಳರು ನಾಚಿಕೊಂಡು ಮೇಣದ ಕೈಯನ್ನು ಪಂಚೆಗೆ ಒರೆಸಿದರು, ಪಂಚೆಯೂ ಅಂಟಿತು. ಯಶೋದೆ ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕರು. ಕಣ್ಣೊರೆಸಿಕೊಳ್ಳುತ್ತ ಕೇಳಿದರು: "ಈ ಪ್ರಾಯಕ್ಕೆ ನಿಮಗೆ ಈ ಆಟ ಎಂತಕ್ಕೆ?"

ಐತಾಳರು ಅವರ ಮುಖಕ್ಕೆ ಎದುರಾಗಿ ನಿಂತು ನಿಧಾನವಾಗಿ ಹೇಳಿದರು. "ನಿಂಗೆ. ಕಿವಿ ಬೇಡ. ಬೆನ್ನಿಗೆ ಗೊತ್ತಾತ್, ಕಾಲಿಗೆ ಗೊತ್ತಾತ್."

ಯಶೋದೆ ತುಟಿಯನ್ನು ಓದಿದರು. ಲೋಟಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದರು.

ಕತ್ತಲಾಗುವ ಮೊದಲೇ ಮೇಣ ಕೆರೆದು ಸಿಲಿಕಾನ್ ಹಾಕಿದ್ದಾಯಿತು. ಬೆಳಗ್ಗೆ ಐತಾಳರು ಕಾರಿನ ಬಾಗಿಲು ತೆಗೆದರೆ ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯುಟ್ಟ ಯಶೋದೆ ಕೂತಿದ್ದರು. ಮುಂದೆ ಬಾ ಎಂದರೂ ಬರಲಿಲ್ಲ. ಪೆಟ್ಟಿಗೆ ಇರುವುದು ಹಿಂದೆ.

ಪ್ರಮೋದ ಫೋನಿಗೆ ಬರೀ ತಬಲಾದ ತಾಳ ಹಾಕಿಕೊಟ್ಟಿದ್ದ. ಎಡಗೈಯ ಡಗ್ಗಾ ನುಡಿದಾಗಲೆಲ್ಲ ಸೀಟು ಮೆಲ್ಲಗೆ ಉಸಿರಾಡಿದಂತಾಗುತ್ತಿತ್ತು. ವಡೋದರಾದ ಹೆದ್ದಾರಿ ಹಿಡಿದ ಮೇಲೆ ಯಶೋದೆ ಚಪ್ಪಲಿ ಕಳಚಿ ಬರಿಗಾಲನ್ನು ನೆಲಕ್ಕೆ ಊರಿದರು. ಕಾರು ಎಷ್ಟೋ ದೂರ ಹೋದ ಮೇಲೆ ಹಿಂದಿನಿಂದ ತೊಟ್ಟಿಲ ಹಾಡಿನ ಮೊದಲ ಸಾಲು ಬಂತು. ಶ್ರುತಿ ಒಂದಿಷ್ಟು ಕೆಳಗಿತ್ತು. ಐತಾಳರು ಕನ್ನಡಿಯತ್ತ ನೋಡಲಿಲ್ಲ. ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದರು.

ಮಗಳ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರು. ಹೆಂಗಸರು ಸುತ್ತ ನೆರೆದರು. ಯಶೋದೆ ತೊಟ್ಟಿಲ ಹಗ್ಗ ಹಿಡಿದರು, ಬಾಯಿ ಮಾತ್ರ ತೆರೆಯಲಿಲ್ಲ. ಪೆಟ್ಟಿಗೆ ಹೊರಗೆ ಕಾರಿನಲ್ಲಿತ್ತು. ಐತಾಳರು ಎದ್ದುಹೋಗಿ ತೊಟ್ಟಿಲ ಕಾಲನ್ನು ಹಿಡಿದು ಬೆರಳಿನಿಂದ ತಟ್ಟತೊಡಗಿದರು. ಯಶೋದೆ ಅವರನ್ನು ನೋಡಿ, ಬೇಡವೆನ್ನುವಂತೆ ತಲೆಯಾಡಿಸಿ, ಕಣ್ಣಿನಲ್ಲೇ ಕೆಳಗೆ ತೋರಿಸಿದರು. ಸೀರೆಯ ನೆರಿಗೆಯ ಅಡಿಯಲ್ಲಿ ಅವರ ಹಿಮ್ಮಡಿ ಆಗಲೇ ಏಳುತ್ತ ಇಳಿಯುತ್ತಿತ್ತು.

ಹಾಡು ಶುರುವಾಯಿತು. ಎರಡನೆಯ ನುಡಿಯಲ್ಲಿ ಶ್ರುತಿ ಜಾರಿತು, ತಾಳ ಜಾರಲಿಲ್ಲ. ಸೌಮ್ಯಾಳಿಗೆ ಹಾಡಿನ ಮಾತು ಬರುತ್ತಿರಲಿಲ್ಲ, "ಜೋ ಜೋ" ಅಷ್ಟೇ ಗೊತ್ತು. ಅದನ್ನೇ ಹಿಡಿದು ಅಮ್ಮನ ಜೊತೆ ಸೇರಿದಳು. ಹೆಂಗಸರ ಚಪ್ಪಾಳೆ ಎಲ್ಲೂ ನಿಲ್ಲಲಿಲ್ಲ. ಐತಾಳರ ಬೆರಳು ಮಾತ್ರ ತೊಟ್ಟಿಲ ಕಾಲಿನ ಮೇಲೆ ಸುಮ್ಮನೆ ನಿಂತುಬಿಟ್ಟಿತ್ತು.