ಗೋಡೆ ಏರಿದ ತಿಮ್ಮವ್ವ

ಅರಕೇರಾದಲ್ಲಿ ಕುರಿ ಕಾಯುತ್ತಲೇ ಮುದುಕಿಯಾದ ತಿಮ್ಮವ್ವನ ಚಿತ್ರವನ್ನು ಮೊಮ್ಮಗಳು ಭಾಗ್ಯಜ್ಯೋತಿ ಬರೆದಿದ್ದಳು. ರಾಯಚೂರಿನ ಚಿತ್ರಪ್ರದರ್ಶನದಲ್ಲಿ ಅದು ಆಳೆತ್ತರಕ್ಕೆ ಗೋಡೆಯ ಮೇಲಿತ್ತು. ನೋಡಲೆಂದು ಮಾನ್ವಿಯಿಂದ ಬಂದ ತಿಮ್ಮವ್ವನ ತಮ್ಮ ಬೀರೇಶ ಅದನ್ನು ಕಂಡು ಬೆಚ್ಚಿಬಿದ್ದ. ಅವರ ಮನೆತನದಲ್ಲಿ ಗೋಡೆಗೆ ಹಾಕುವುದು ಸತ್ತವರ ಚಿತ್ರ ಮಾತ್ರ.

“ಇಳಸಬೇ ಅದನ್ನ! ನಮ್ಮಕ್ಕ ಇನ್ನಾ ಬದುಕ್ಯಾಳ,” ಎಂದು ಗದರಿದ. ಹುಡುಗಿ ಹೆದರಿ ಚೌಕಟ್ಟಿಗೆ ಕೈ ಹಾಕಿದಳು.

ಪಕ್ಕದಲ್ಲೇ ನಿಂತಿದ್ದ ತಿಮ್ಮವ್ವ ಆ ಕೈ ಹಿಡಿದು ತಡೆದಳು. “ಬಿಡವ್ವಾ. ನಿಮ್ಮಜ್ಜಂದು ಒಂದು ಫೋಟೋನೂ ಇರಲಿಲ್ಲ. ಈಗ ಅವನ ಮಕ್ಕಳಿಗೇ ಅವನ ಮುಖ ನೆನಪಿಲ್ಲ. ನನ್ನ ಮುಖ ಇಲ್ಲೇ ಇರ್ಲಿ. ಲೇ ಬೀರ್ಯಾ, ಸತ್ತೀನಂತ ಯಾರರ ಅಂದ್ರ ಜವಾಬು ಕೊಡಾಕ ನಾನೇ ಕುಂದರ್ತೀನಿ!”

ಹಾಗೆಂದವಳು ಚಿತ್ರದ ಕೆಳಗೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು. ಬೀರೇಶ ಸುತ್ತ ನೋಡಿದ. ಆಮೇಲೆ ಮೆಲ್ಲಗೆ ಪಕ್ಕದಲ್ಲಿ ಕೂತು, “ಯಕ್ಕಾ, ನನಗೂ ಒಂದೆಲಿ ಕೊಡು,” ಎಂದ.