ಎಡಮುರಿ ಬಲಮುರಿಯಾದದ್ದು

ಅಕ್ಕನ ಮದುವೆಯ ಟ್ರಂಕಿನ ಮುಚ್ಚಳ ಕಿತ್ತವನು ನಾನೇ. ಕೀಲುಗಳಿಗೆ ಸುತ್ತಿಗೆ ಏಟು ಹಾಕಿ ಬಿಡಿಸಿ, ಅಂಗಾತ ಇಟ್ಟು, ಒಳಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಹಾಸಿದರೆ ಕಾಗದ ನೆನೆಸುವುದಕ್ಕೆ ಒಳ್ಳೆಯ ತೊಟ್ಟಿಯಾಗುತ್ತಿತ್ತು. ದಾವಣಗೆರೆಯಲ್ಲಿ ಅಷ್ಟಗಲದ ಟ್ರೇ ಸಿಗುತ್ತಿತ್ತೋ ಏನೋ, ನಾನು ಹುಡುಕುವ ಗೋಜಿಗೆ ಹೋಗಲಿಲ್ಲ. ಅಕ್ಕ ಬೇಡ ಅನ್ನಲಿಲ್ಲ. "ಆ ಮನಿಯಿಂದ ನನ್ನ ಜೋಡಿ ವಾಪಸ್ ಬಂದದ್ದು ಇದೊಂದ. ಇದಕ್ಕೂ ಏನರ ಒಂದು ಕೆಲಸ ಇರಲಿ ತಗೋ" ಅಂದಳು.

ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿದ ಮರುವರ್ಷದ ಮಾತಿದು. ನಾನು ಆಗ ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮದುವೆಯಾಗಿರಲಿಲ್ಲ. ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು, ಅಕ್ಕ, ಇಬ್ಬರೇ. ಅವಳು ನನಗಿಂತ ಎಂಟು ವರ್ಷ ದೊಡ್ಡವಳು. ಹಡಗಲಿ ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಎದೆಯಲ್ಲಿ ದೋಷವಿದೆ ಎಂದು ಡಾಕ್ಟರು ಹೇಳಿದ ಮೇಲೆ ಗಂಡ ಇನ್ನೊಂದು ಮಾಡಿಕೊಂಡ, ಇವಳು ಟ್ರಂಕು ಹೊತ್ತುಕೊಂಡು ಬಂದಳು. ಮದುವೆಯಲ್ಲಿ ಗಂಡನ ಮನೆಯವರು ಅವಳ ಹೆಸರು ಬದಲಿಸಿದ್ದರು. ಅದನ್ನು ಅವಳು ಅಲ್ಲೇ ಬಿಟ್ಟು ಬಂದಿದ್ದಳು. ಆದರೆ ಅಪ್ಪ ಇಟ್ಟ ಹೆಸರಿನಿಂದ ಕರೆಯುವವರು ಈ ಕಡೆ ಯಾರೂ ಉಳಿದಿರಲಿಲ್ಲ. ನನಗೆ ಅಕ್ಕ, ಓಣಿಯವರಿಗೆ ಮೇಷ್ಟ್ರ ಅಕ್ಕ. ನಮ್ಮ ರೇಷನ್ ಕಾರ್ಡಿನಲ್ಲಂತೂ ಅವಳು ಇರಲೇ ಇಲ್ಲ.

ಓಣಿಯ ಹುಡುಗಿಯರಿಗೆ ದಿಂಬಿನ ಚೀಲ, ಟೇಬಲ್ ಬಟ್ಟೆಗಳ ಮೇಲೆ ಕಸೂತಿಯ ಚಿತ್ರ ಇಳಿಸಿಕೊಡುವುದು ಅವಳ ಕೆಲಸ. ಕೆಳಗಿನದು ಕಾಣುವಂಥ ತೆಳ್ಳನೆಯ ಬೆಣ್ಣೆ ಕಾಗದದ ಮೇಲೆ ಹೂವು ಬರೆದು, ಗೆರೆಗುಂಟ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ನೀಲಿ ಪುಡಿ ಕಲಸಿ ಬಟ್ಟೆಯಿಂದ ಒರೆಸಿದರೆ ಕೆಳಗೆ ಹೂವು ಚುಕ್ಕೆ ಚುಕ್ಕೆಯಾಗಿ ಮೂಡುತ್ತಿತ್ತು. ನಾನು ಅದನ್ನು ಹೆಂಗಸರ ಕೆಲಸ ಎಂದು ಮೂಗು ಮುರಿಯುತ್ತಿದ್ದೆ. ನನ್ನ ಹತ್ತಿರ ಡ್ರಾಯಿಂಗ್ ಪರೀಕ್ಷೆಯ ಸರ್ಟಿಫಿಕೇಟು ಇತ್ತಲ್ಲ.

ಹರಪನಹಳ್ಳಿಯಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬ ಲೆಕ್ಚರರು ಇದ್ದರು. ಈ ಕಡೆಯ ಒಣ ತಾಲ್ಲೂಕುಗಳ ಗಿಡಮೂಲಿಕೆಗಳ ಮೇಲೆ ಪುಸ್ತಕ ಬರೆಯುತ್ತಿದ್ದರು. ಅದಕ್ಕೆ ನಲವತ್ತು ಗಿಡಗಳ ಬಣ್ಣದ ಚಿತ್ರ ಬೇಕಿತ್ತು. ಯಾರೋ ನನ್ನ ಹೆಸರು ಹೇಳಿದ್ದು ಕೇಳಿ ಹುಡುಕಿಕೊಂಡು ಬಂದರು. ಪರೀಕ್ಷೆಗೆಂದು ಒಂದು ತುಂಬೆ ಗಿಡ ಬೇರುಸಹಿತ ಕೊಟ್ಟುಹೋದರು. ನಾನು ಬರೆದೆ. ಮುಂದಿನ ವಾರ ಬಂದು ಕನ್ನಡಕ ಏರಿಸಿ ನೋಡಿ, "ಮೇಷ್ಟ್ರೇ, ಚಿತ್ರ ಚಂದ ಐತ್ರಿ. ಆದ್ರ ಇದು ತುಂಬಿ ಅಲ್ಲ" ಅಂದರು.

ಮೈಯೆಲ್ಲ ಉರಿಯಿತು. ಅವರು ಹೋದ ಮೇಲೆ ಅದನ್ನು ಮುದ್ದೆ ಮಾಡಿ ಮೂಲೆಗೆ ಎಸೆದೆ. ಬೆಳಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ ಇನ್ನೊಂದು ತುಂಬೆ ಇತ್ತು, ಬರೀ ಪೆನ್ಸಿಲಿನದು. ಕಾಂಡ ನಾಲ್ಕು ಮೂಲೆಯದು. ಒಂದು ಜೋಡಿ ಎಲೆ ಹೀಗಿದ್ದರೆ ಮೇಲಿನ ಜೋಡಿ ಅದಕ್ಕೆ ಅಡ್ಡ. ಹೂವಿನ ಉಂಡೆಯೊಳಗೆ ಉದುರಿದ ಹೂಗಳ ಖಾಲಿ ಗೂಡುಗಳು. ನಾನು ಗಿಡ ನೋಡಿರಲಿಲ್ಲ, ನನಗೆ ಗೊತ್ತಿದ್ದ ಗಿಡ ಬರೆದಿದ್ದೆ. ಅಕ್ಕ ಗಿಡ ನೋಡಿದ್ದಳು. ಅದನ್ನೇ ಇಳಿಸಿಕೊಂಡು ಬಣ್ಣ ಹಾಕಿದೆ. ಲೆಕ್ಚರರು, "ಈಗ ಬಂತು ನೋಡ್ರಿ. ಏನ್ ಕಣ್ಣದಾವ್ರಿ ನಿಮಗ" ಎಂದು ನನ್ನ ಬೆನ್ನು ತಟ್ಟಿದರು. ನಾನು ನಕ್ಕೆ. ಅಲ್ಲಿ ನಕ್ಕದ್ದೇ ತಪ್ಪಾಯಿತು, ಆಮೇಲೆ ಬಾಯಿ ಬಿಡುವುದಕ್ಕೆ ಮುಖ ಉಳಿಯಲಿಲ್ಲ.

ಕೆಲಸ ಹೀಗೆ ನಡೆಯುತ್ತಿತ್ತು. ಅಕ್ಕ ಸಾದಾ ಕಾಗದದ ಮೇಲೆ ಗಿಡವನ್ನು ಇದ್ದಷ್ಟೇ ಅಳತೆಗೆ ಬರೆಯುವಳು. ಜಲವರ್ಣದ ಕಾಗದದ ಮೇಲೆ ನೇರ ಬರೆಯುವಂತಿಲ್ಲ, ರಬ್ಬರು ತಿಕ್ಕಿದ ಕಡೆ ಕಾಗದದ ಮೈ ಎದ್ದು ಬಣ್ಣ ಕೊಳೆಯಾಗಿ ಕೂರುತ್ತದೆ. ಅದಕ್ಕೆ ಅವಳ ಚಿತ್ರವನ್ನು ನಾನು ಬೆಣ್ಣೆ ಕಾಗದಕ್ಕೆ ತೆಗೆದು, ಆ ಕಾಗದದ ಬೆನ್ನಿಗೆ ಗೆರೆಗುಂಟ ಮೆತ್ತನೆಯ ಪೆನ್ಸಿಲು ಆಡಿಸಿ, ಮುಖ ಮೇಲೆ ಮಾಡಿ ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ತೀಡಬೇಕು. ಆಗ ಕೆಳಗಿನ ದಪ್ಪ ಕಾಗದಕ್ಕೆ ತೆಳುವಾದ ಗೆರೆ ಇಳಿಯುತ್ತದೆ. ಕತ್ತೆ ಚಾಕರಿ. ಒಂದು ಗಿಡಕ್ಕೆ ಮೂರು ಸಲ ಅದೇ ಗೆರೆ.

ಅದಕ್ಕೂ ಮೊದಲು ಕಾಗದ ಹದ ಮಾಡಬೇಕು. ಟ್ರಂಕಿನ ಮುಚ್ಚಳದಲ್ಲಿ ನೆನೆಸಿ, ಎರಡು ಮೂಲೆ ಹಿಡಿದು ನೀರು ಸೋರಿಸಿ, ಪ್ಲೈವುಡ್ ಹಲಗೆಯ ಮೇಲೆ ಹಾಸಿ, ಗಾಳಿ ಉಳಿಯದಂತೆ ಒದ್ದೆ ಬಟ್ಟೆ ಒತ್ತಿ, ನಾಲ್ಕೂ ಅಂಚಿಗೆ ಅಂಟಿನ ಕಾಗದದ ಪಟ್ಟಿ ಬಡಿದು, ನೆರಳಲ್ಲಿ ಒಣಗಿಸಬೇಕು. ಒಣಗುತ್ತ ಬಿಗಿಯಾಗಿ, ಬೆರಳಿಂದ ಬಾರಿಸಿದರೆ ಡಬ್ ಅನ್ನುತ್ತದೆ. "ಹಲಗಿ ಮ್ಯಾಲೆ ಇನ್ನೊಂದು ಹಲಗಿ ಕಟ್ಟಿಯಲ್ಲೋ, ಬಾರಿಸ್ಕೋತ ಮೆರವಣಿಗಿ ಹೋಗು" ಎಂದು ಅಕ್ಕ ಚೇಷ್ಟೆ ಮಾಡುತ್ತಿದ್ದಳು. ಓಣಿಯ ಬೋರಿನ ನೀರು ಸವಳು. ಅದರಲ್ಲಿ ನೆನೆಸಿದರೆ ಒಣಗಿದ ಮೇಲೆ ಕಾಗದದ ತುಂಬ ಬಿಳಿ ಕಲೆ ಏಳುತ್ತಿದ್ದವು. ಊರ ಹೊರಗಿನ ಸಿಹಿನೀರಿನ ಬಾವಿಯಿಂದ ಒಂದು ಕಾಗದಕ್ಕೆ ಎರಡು ಕೊಡ ಬೇಕಿತ್ತು. ಅವನ್ನು ತರುತ್ತಿದ್ದವಳು ಅಕ್ಕ. ಎದೆಯಲ್ಲಿ ದೋಷವಿದ್ದವಳು. ನನಗೆ ಸ್ಕೂಲಿತ್ತು, ಸೈಕಲ್ಲೂ ಇತ್ತು.

ಅವಳು ಪ್ರತಿ ಚಿತ್ರದ ಕೆಳಗೆ ಮೂಲೆಯಲ್ಲಿ ತನ್ನ ಹೆಸರು ಬರೆಯುತ್ತಿದ್ದಳು, ಅಪ್ಪ ಇಟ್ಟದ್ದು. ನಾನು ಬೆಣ್ಣೆ ಕಾಗದಕ್ಕೆ ತೆಗೆಯುವಾಗ ಗಿಡವನ್ನಷ್ಟೇ ತೆಗೆದು ಹೆಸರು ಬಿಡುತ್ತಿದ್ದೆ. ಆರೇಳು ಚಿತ್ರ ಮುಗಿದ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿದಳು.

"ಲೇ ತಮ್ಮಾ, ಬೇರು ಬಂತು, ಎಲಿ ಬಂತು, ಹುಳ ತಿಂದ ತೂತೂ ಬಂತು. ನನ್ನ ಹೆಸರು ಎಲ್ಲಿ ಹೋತು?"

"ಪುಸ್ತಕ ಅಚ್ಚಾಗೋ ಹೊತ್ತಿಗೆ ಹೇಳ್ತೀನಿ ತಗೋ. ಇಬ್ಬರದೂ ಹಾಕಸ್ತೀನಿ."

"ದೊಡ್ಡದು ಬ್ಯಾಡಪಾ ನನಗ. ಸಾಸಿವಿ ಕಾಳಿನಷ್ಟು ಇದ್ರ ಸಾಕು. ಸಾಯೋದ್ರೊಳಗ ಆ ಹೆಸರು ಒಂದು ಕಡಿ ಅಚ್ಚಾಗಿರೂದು ನೋಡಬೇಕು." ಆಮೇಲೆ ತಾನೇ ನಕ್ಕು, "ಹಿತ್ತಲ ಗಿಡ ಮದ್ದಲ್ಲ ಅಂತಾರ, ಖರೇನ" ಅಂದಳು.

ಹೇಳಬಹುದಿತ್ತು. ಲೆಕ್ಚರರು ತಿಂಗಳಿಗೆರಡು ಸಲ ಬಸ್ಸಿಳಿದು ಬರುತ್ತಿದ್ದರು, ಅಕ್ಕನೇ ಚಹಾ ಕೊಡುತ್ತಿದ್ದಳು. ಅವಳ ಕೈಯಿಂದ ಲೋಟ ತೆಗೆದುಕೊಂಡು ಅವರು ನನ್ನ ಕಣ್ಣನ್ನು ಹೊಗಳುತ್ತಿದ್ದರು. ಕೈ ಕೆಸರು ಅವಳದು, ಬಾಯಿ ಮೊಸರು ನನ್ನದು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನಾನು ಪುಸ್ತಕದ ವಿಷಯ ಹೇಳಿಕೊಂಡು ತಿರುಗಿದ್ದೆ. ಇನ್ನು ಹೇಗೆ ಬಾಯಿ ಬಿಡಲಿ ಎಂಬುದು ಆಗಿನ ನನ್ನ ಯೋಚನೆ. ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೂವತ್ತು ಚಿತ್ರ ದಾಟುವ ಹೊತ್ತಿಗೆ ಅವಳ ಕಾಲು ಬಾತವು. ಕೊಡ ಹೊತ್ತು ಬಂದರೆ ಬಾಗಿಲಲ್ಲೇ ಕೂತು ಉಸಿರಿಗೆ ಕಾಯುತ್ತಿದ್ದಳು. ದಾವಣಗೆರೆಗೆ ಕರೆದುಕೊಂಡು ಹೋದೆ. ಎದೆಯ ಕವಾಟ ಕೆಟ್ಟಿದೆ, ಆಪರೇಷನ್ ತಡೆಯುವ ಶಕ್ತಿ ಈಗ ಇಲ್ಲ, ಭಾರ ಹೊರಿಸಬೇಡಿ ಅಂದರು. ಭಾರ ಹೊರಿಸುತ್ತಿದ್ದದ್ದು ಯಾರು ಎಂದು ಡಾಕ್ಟರು ಕೇಳಲಿಲ್ಲ. ಆಮೇಲೆ ಅವಳು ಒಳಕೋಣೆಯ ಹಾಸಿಗೆಯಲ್ಲೇ ದಿಂಬಿಗೆ ಒರಗಿ ಬರೆಯತೊಡಗಿದಳು.

ಎಡಮುರಿ ಬಂದದ್ದು ಆಗ. ಗುಡ್ಡದ ಗಿಡ ಅದು. ಕಾಯಿ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿರುತ್ತದೆ. ಕೂಸುಗಳಿಗೆ ಹೊಟ್ಟೆನೋವು ಬಂದರೆ ನಮ್ಮವ್ವ ಅದನ್ನು ಕಲ್ಲಿನ ಮೇಲೆ ತೇಯ್ದು ನೆಕ್ಕಿಸುತ್ತಿದ್ದಳು. ಲೆಕ್ಚರರು ಒಂದು ಇಡೀ ಕೊಂಬೆ ತಂದು, ಅರ್ಧ ತಾವು ಒಣಗಿಸಲು ಇಟ್ಟುಕೊಂಡು, ಅರ್ಧ ನಮಗೆ ಕೊಟ್ಟರು. ಅಕ್ಕ ನನಗೊಂದು ಕೆಲಸ ಕಡಿಮೆಯಾಗಲೆಂದು ಈ ಸಲ ನೇರ ಬೆಣ್ಣೆ ಕಾಗದದ ಮೇಲೆಯೇ ಬರೆದಳು. ಅವಳ ಕೈ ಕಾಗದದಷ್ಟೇ ಬೆಳ್ಳಗಾಗಿತ್ತು. ಒಂದೊಂದು ಕಾಯಿ ಬರೆದು ಕಣ್ಣು ಮುಚ್ಚಿ ಮಲಗುವಳು, ಮತ್ತೆ ಏಳುವಳು. ನಾಲ್ಕು ದಿನ ಹಿಡಿಯಿತು.

ನಾನು ಅದಕ್ಕೆ ಅರ್ಧ ಗಂಟೆಯನ್ನೂ ಕೊಡಲಿಲ್ಲ. ಬೆನ್ನಿಗೆ ಗೆರೆ ತೀಡುವ ಬೇಸರಕ್ಕೆ ಅವಳ ಕಾಗದವನ್ನು ಬೋರಲು ಹಾಕಿ, ಚಮಚೆಯ ಬೆನ್ನಿನಿಂದ ಗಸಗಸ ಉಜ್ಜಿದೆ. ಗೆರೆ ಚೆನ್ನಾಗಿಯೇ ಇಳಿಯಿತು. ಬೋರಲು ಹಾಕಿದರೆ ಎಡದ್ದು ಬಲಕ್ಕೆ ಬೀಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಿಡಕ್ಕೆಂಥ ಎಡ ಬಲ ಅಂದುಕೊಂಡೆ. ಕೊಂಬೆಯ ಕೆಳಗೆ ಒಂದಷ್ಟು ಸಣ್ಣ ಸುರುಳಿ ಗೀಟುಗಳಿದ್ದವು, ತೊಗಟೆಯ ಗಂಟೋ ಏನೋ ಎಂದು ಅದರ ಮೇಲೆ ತೆಳ್ಳಗೆ ಕಂದು ಬಣ್ಣ ಹಾಯಿಸಿದೆ. ಬೆಣ್ಣೆ ಕಾಗದ ಉಜ್ಜಿ ಉಜ್ಜಿ ಹರಿದಿತ್ತು, ಒಲೆಗೆ ಹಾಕಿದೆ.

ಲೆಕ್ಚರರು ಬಂದು ಹಲಗೆಯನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತುಬಿಟ್ಟರು.

"ಇದನ್ನ ಗಿಡ ನೋಡಿ ಬರೆದ್ರೇನ್ರಿ ಮೇಷ್ಟ್ರೇ?"

"ಹೂಂರಿ. ಯಾಕ್ರಿ?"

"ನಾ ಕೊಟ್ಟ ಕೊಂಬಿ ಕಾಯಿ ಎಲ್ಲಾ ಎಡಕ್ಕ ತಿರುವಿದ್ವು. ಅದರ ಇನ್ನರ್ಧ ಒಣಗಿಸಿ ಮನ್ಯಾಗ ಇಟ್ಟೀನಿ. ಗಿಡದ ಹೆಸರ ಎಡಮುರಿ, ನೀವು ಬಲಮುರಿ ಮಾಡೀರಲ್ರಿ. ಇಷ್ಟು ದಿನ ಒಂದು ಎಲಿ ತಪ್ಪಿಲ್ಲ ನಿಮ್ದು. ಇದು ನಿಮ್ಮ ಕೈಯ ಕೆಲಸ ಹೌದೋ ಅಲ್ಲೋ ಅನಸ್ತೈತಿ."

ಅವರು ಸಿಟ್ಟಿನಿಂದ ಅನ್ನಲಿಲ್ಲ, ಅರ್ಥವಾಗದೆ ಅಂದರು. ಆ ಘಳಿಗೆಯಲ್ಲಿ ನನ್ನ ಬಾಯಿಂದ ಬಂದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ನಮ್ಮ ಅಕ್ಕ ಆಗಾಗ ಒಂದೀಟು ಕೈ ಹಚ್ತಾಳ್ರಿ. ಇದರಾಗ ಆಕಿ ಗೆರಿ ತಪ್ಯಾಳ. ಆಕಿಗೆ ಆರಾಮಿಲ್ಲ ನೋಡ್ರಿ, ನಾ ಸರಿ ಮಾಡಿಕೊಡ್ತೀನಿ."

ಎಂಟು ತಿಂಗಳಲ್ಲಿ ಅವರ ಮುಂದೆ ನಾನು ಅಕ್ಕನ ಮಾತು ಎತ್ತಿದ್ದು ಅದೇ ಮೊದಲು, ಅದೇ ಕೊನೆ. ಒಳಕೋಣೆಗೂ ಪಡಸಾಲೆಗೂ ನಡುವೆ ಇದ್ದದ್ದು ಒಂದು ಸೀರೆಯ ಪರದೆ. ಲೆಕ್ಚರರು ತಲೆಯಾಡಿಸಿ, ಪಾಪ, ಅವರಿಗೆ ತ್ರಾಸು ಕೊಡಬ್ಯಾಡ್ರಿ ಎಂದು ಹೇಳಿ ಹೋದರು.

ಪರದೆ ಸರಿಸಿ ಒಳಗೆ ಹೋಗುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗದೆಯೇ ಅಂದಳು: "ಅಂತೂ ಹೇಳಿದ್ಯಲ್ಲಪಾ ನನ್ನ ಹೆಸರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನ ನಾನೇ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಬಾವಿಗೆ ಹೋಗಿ ನೀರು ತಂದು ಇನ್ನೊಂದು ಹಲಗೆಗೆ ಹೊಸ ಕಾಗದ ಬಿಗಿದೆ. ಅವಳು ಎಡಮುರಿಯನ್ನು ಇನ್ನೊಂದು ಸಲ ಬರೆದುಕೊಟ್ಟಳು. ಗೆರೆ ಅಲ್ಲಲ್ಲಿ ನಡುಗಿತ್ತು, ಆದರೆ ತಿರುವು ಸರಿಯಿತ್ತು. ಮೂಲೆ ಖಾಲಿ ಇತ್ತು. "ಹೆಸರು ಹಾಕಕ್ಕಾ, ಈ ಸಲ ಹಂಗ ಇಳಸ್ತೀನಿ, ಆಣಿ ಮಾಡ್ತೀನಿ" ಅಂದೆ. "ಬ್ಯಾಡ ಬಿಡು. ಒಂದು ಸಲ ಹಾಕೀನಿ" ಅಂದಳು. ನನಗೆ ಅರ್ಥವಾಗಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಹದಿನೇಳು ದಿನಕ್ಕೆ ಹೋಗಿಬಿಟ್ಟಳು. ಲೆಕ್ಚರರು ಮಾತಾಡಿಸಲು ಬಂದು ನನ್ನ ಕೈ ಹಿಡಿದುಕೊಂಡು ಕೂತರು. ಆಗಲಾದರೂ ಹೇಳಬಹುದಿತ್ತು. ಸತ್ತವಳಿಗೆ ಇನ್ನೇನು ಎಂದು ಸುಮ್ಮನಾದೆ. ನಲವತ್ತು ತುಂಬದಿದ್ದರೂ ಆದಷ್ಟೇ ಚಿತ್ರಗಳೊಂದಿಗೆ ಪುಸ್ತಕ ಬಂತು. ಚಿತ್ರಗಳು ಎಂದು ಬರೆದ ಕಡೆ ನನ್ನ ಹೆಸರೊಂದೇ ಇತ್ತು.

ತಪ್ಪಾದ ಎಡಮುರಿಯನ್ನು ಹಲಗೆಯಿಂದ ಬಿಡಿಸಿರಲಿಲ್ಲ. ಮುಚ್ಚಳವಿಲ್ಲದ ಟ್ರಂಕಿನಲ್ಲಿ ಅಕ್ಕನ ಸೀರೆಗಳನ್ನಿಟ್ಟು ಮೇಲೆ ಆ ಹಲಗೆಯನ್ನೇ ಬೋರಲು ಮುಚ್ಚಿದೆ. ಐದು ವರ್ಷ ಹಾಗೆಯೇ ಇತ್ತು. ನನಗೆ ಹಡಗಲಿಗೆ ವರ್ಗವಾಯಿತು, ಟ್ರಂಕೂ ಬಂತು. ಒಂದು ದಿನ ಒಂಬತ್ತನೇ ಕ್ಲಾಸಿಗೆ ಚಿತ್ರ ಇಳಿಸುವುದನ್ನು ಕಲಿಸಬೇಕಿತ್ತು. ಬೋರಲು ಹಾಕಿದರೆ ಏನಾಗುತ್ತದೆ ಎಂದು ತೋರಿಸೋಣವೆಂದು ಆ ಹಲಗೆಯನ್ನೂ ಒಂದು ಕನ್ನಡಿಯನ್ನೂ ತೆಗೆದುಕೊಂಡು ಹೋದೆ. ಇದು ತಪ್ಪು ಚಿತ್ರ, ಕನ್ನಡಿಯಲ್ಲಿ ನೋಡಿದರೆ ಸರಿ ಕಾಣುತ್ತದೆ ಎಂದು ಹೇಳಿ ಬೆಂಚಿನಿಂದ ಬೆಂಚಿಗೆ ಕಳಿಸಿದೆ.

ಮೂರನೇ ಬೆಂಚಿನ ಹುಡುಗಿಯೊಬ್ಬಳು ಕನ್ನಡಿಯನ್ನು ಹತ್ತಿರ ಹಿಡಿದು ತಡೆದಳು. "ಸರ್, ಕೊಂಬಿ ಕೆಳಗ ಏನೋ ಸಣ್ಣಕ ಬರದೈತ್ರಿ" ಎಂದಳು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಅಪ್ಪ ಸತ್ತ ಮೇಲೆ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳಿರಲಿಲ್ಲ. ತೊಗಟೆಯ ಗಂಟು ಎಂದು ನಾನು ಕಂದು ಬಣ್ಣ ಹಾಯಿಸಿದ್ದು ಅದರ ಮೇಲೆ.

"ಯಾರ್ರಿ ಸರ್ ಇವರು?"

"ಚಿತ್ರ ಬರದಾಕಿ" ಅಂದೆ.

"ಹಂಗಾರ ತಪ್ಪು ಬರದದ್ದು ಇವರೇನ್ರಿ?"

ಅಲ್ಲ ಎಂದು ಹೇಳಿದೆ. ಆಕೆ ಸರಿಯಾಗಿಯೇ ಬರೆದಿದ್ದಳು, ತಪ್ಪು ನನ್ನದು ಎಂದು ಹೇಳಿದೆ. ಹುಡುಗಿ ತಲೆಯಾಡಿಸಿ ಕನ್ನಡಿಯನ್ನು ಪಕ್ಕದವಳಿಗೆ ಕೊಟ್ಟಳು. ಲೆಕ್ಚರರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ಮಾತು ಕೇಳಬೇಕಾಗಿದ್ದ ಇಬ್ಬರಲ್ಲಿ ಒಬ್ಬರೂ ಉಳಿದಿರಲಿಲ್ಲ.